ಕೊನೆಯ ದಿನ, ಉರ್ಕ್‌ನಿಂದ ಲೆಮ್ಮರ್‌ಗೆ: ಬಾಡಿಗೆ ಹಾಯಿದೋಣಿ ಒಪ್ಪಿಸುವ ಕ್ರಮ

ಬಾಡಿಗೆ ಹಾಯಿದೋಣಿಗೆ ನಡುನೀರಿನಲ್ಲಿ ಪೆಟ್ಟು ಬೀಳುವುದು ಅಪರೂಪ. ಕೊನೆಯ ದಿನದ ಕೊನೆಯ ಇನ್ನೂರು ಮೀಟರಿನಲ್ಲಿ, ಡೀಸೆಲ್ ಧಕ್ಕೆಗೂ ದೋಣಿ ಕಟ್ಟುವ ಜಾಗಕ್ಕೂ ನಡುವೆ ಮೈ ತರಚುತ್ತದೆ, ಠೇವಣಿ ಕರಗುತ್ತದೆ. ನೆದರ್‌ಲ್ಯಾಂಡ್ಸ್‌ನ ಐಸೆಲ್‌ಮೇರ್ ಸರೋವರದಲ್ಲಿ ಆರು ಜನ ಗೆಳೆಯರು ಹತ್ತು ಮೀಟರಿನ ದೋಣಿ ಹಿಡಿದು ವಾರ ಕಳೆದ ಮೇಲೆ ಕೊನೆಯ ದಿನವನ್ನು ನಾವು ನಡೆಸುವ ಕ್ರಮ ಇಲ್ಲಿದೆ. ದೋಣಿ ಫ್ರೀಸ್‌ಲ್ಯಾಂಡ್‌ನ ಲೆಮ್ಮರ್ ಊರಿನದು, 1.5 ಮೀಟರ್ ನೀರು ಬೇಡುವ ಗಿಡ್ಡ ಕೀಲಿನದು (ಕೀಲು ಎಂದರೆ ದೋಣಿಯ ತಳದಿಂದ ನೀರಿಗಿಳಿದ ಭಾರದ ರೆಕ್ಕೆ). 15 ಮೀಟರಿಗಿಂತ ಚಿಕ್ಕದಾದ, ಗಂಟೆಗೆ 20 ಕಿಲೋಮೀಟರ್ ಮೀರದ ದೋಣಿಗೆ ಅಲ್ಲಿ ಲೈಸೆನ್ಸ್ ಕೇಳುವುದಿಲ್ಲ. ಹಾಗಾಗಿ ಆಮ್‌ಸ್ಟೆಲ್‌ವೇನ್, ಐಂಡ್‌ಹೋವನ್ ಕಡೆ ಕೆಲಸದಲ್ಲಿರುವ ನಮ್ಮವರಿಗೂ ಈ ರಜೆ ಕೈಗೆಟುಕುವಂಥದ್ದು. ಲೈಸೆನ್ಸ್ ಬೇಡ ಎಂದ ಮಾತ್ರಕ್ಕೆ ಕಲಿಯುವುದು ಬೇಡ ಎಂದಾಗಲಿಲ್ಲ ಬಿಡಿ. ಆರರಲ್ಲಿ ಇಬ್ಬರಿಗಾದರೂ ದೋಣಿ ಕಟ್ಟಿ ಬಿಚ್ಚಿ ಗೊತ್ತಿರಬೇಕು.

ಲೆಕ್ಕವನ್ನು ಹಿಂದಿನಿಂದ ಮುಂದಕ್ಕೆ ಹಾಕುತ್ತೇವೆ. ಶುಕ್ರವಾರ ಸಂಜೆ 5ಕ್ಕೆ ದೋಣಿ ಒಪ್ಪಿಸಬೇಕು. ತೊಳೆದು ಒರೆಸಿ ಚೀಲ ಇಳಿಸಲು ಒಂದೂವರೆ ಗಂಟೆ ಹಿಡಿದರೆ 3.30ಕ್ಕೆ ದೋಣಿ ತನ್ನ ಜಾಗದಲ್ಲಿ ಕಟ್ಟಿರಬೇಕು. ಶುಕ್ರವಾರ ಮಧ್ಯಾಹ್ನ ಬಾಡಿಗೆ ದೋಣಿಗಳೆಲ್ಲ ಒಟ್ಟಿಗೆ ಹಿಂತಿರುಗುವುದರಿಂದ ಡೀಸೆಲ್ ಧಕ್ಕೆಯಲ್ಲಿ ಸಾಲು ನಿಂತಿರುತ್ತದೆ. ಅಲ್ಲಿಗೆ ಒಂದು ಗಂಟೆ, ಶೌಚದ ಟ್ಯಾಂಕ್ ಖಾಲಿ ಮಾಡಲು ಅರ್ಧ ಗಂಟೆ. ಎಂದರೆ ಲೆಮ್ಮರ್ ಬಂದರಿನ ಬಾಯಿ ಸೇರಬೇಕಾದ್ದು 2ಕ್ಕೆ. ಹಿಂದಿನ ರಾತ್ರಿ ನಾವು ತಂಗುವ ಉರ್ಕ್ ಊರಿನಿಂದ ಅಲ್ಲಿಗೆ ಸುಮಾರು 12 ನಾಟಿಕಲ್ ಮೈಲು (ಒಂದು ನಾಟಿಕಲ್ ಮೈಲು ಎಂದರೆ 1.85 ಕಿಲೋಮೀಟರ್). 5 ನಾಟ್, ಎಂದರೆ ಗಂಟೆಗೆ 5 ನಾಟಿಕಲ್ ಮೈಲು ವೇಗಕ್ಕೆ ಎರಡೂವರೆ ಗಂಟೆ. 11ಕ್ಕೆ ಹೊರಟರೂ ನಡೆದೀತು, ನಾವು 10ಕ್ಕೇ ಹಗ್ಗ ಬಿಚ್ಚುತ್ತೇವೆ. ಆ ಒಂದು ಗಂಟೆಯ ಹೆಚ್ಚುವರಿ ಒಮ್ಮೆಯೂ ವ್ಯರ್ಥವಾಗಿಲ್ಲ.

ಹಿಂದಿನ ರಾತ್ರಿ ಎಲ್ಲಿ ತಂಗುತ್ತೀರಿ ಎಂಬುದರಲ್ಲೇ ಅರ್ಧ ಕೆಲಸ ತೀರ್ಮಾನವಾಗಿರುತ್ತದೆ. ನಮ್ಮ ಮಿತಿ 12 ಮೈಲು. ಕಾರಣ ಸರೋವರದ ಆಳ. ಹಳೆಯ ಜೌಡರ್‌ಜೇ ಎಂಬ ಒಳಗಡಲಿಗೆ 1932ರಲ್ಲಿ 32 ಕಿಲೋಮೀಟರಿನ ಕಟ್ಟೆ ಅಡ್ಡಲಾಗಿ ಮುಚ್ಚಿಕೊಂಡಾಗ ಐಸೆಲ್‌ಮೇರ್ ಆಯಿತು. ಹೆಚ್ಚಿನ ಕಡೆ ಆಳ ನಾಲ್ಕೈದು ಮೀಟರ್ ಅಷ್ಟೆ. ಇಷ್ಟು ತೆಳುವಾದ ನೀರಿನ ಮೇಲೆ ಗಾಳಿಯ ಬಲ ಅಳೆಯುವ ಬೋಫರ್ಟ್ ಮಾಪಕದಲ್ಲಿ ಗಾಳಿ 5ಕ್ಕೆ ಏರಿದರೆ ಅಲೆ ಎತ್ತರವಾಗುವ ಬದಲು ಗಿಡ್ಡವಾಗಿ, ಕಡಿದಾಗಿ, ಒಂದರ ಬೆನ್ನಿಗೊಂದು ಬಂದು ದೋಣಿಯ ಮೂತಿಗೆ ಗುದ್ದುತ್ತದೆ. ಶಾಂತ ನೀರಿನಲ್ಲಿ ಇಂಜಿನ್ ಮೇಲೆ 5 ನಾಟ್ ಓಡುವ ದೋಣಿ ಎದುರುಗಾಳಿಯಲ್ಲಿ ಮೂರಕ್ಕೆ ಇಳಿಯುತ್ತದೆ. 12 ಮೈಲು ಎಂದರೆ ಆಗ ನಾಲ್ಕು ಗಂಟೆ. ಎಂಕ್‌ಹೌಸನ್‌ನಿಂದ ಲೆಮ್ಮರ್‌ಗೆ ನೇರ 17 ಮೈಲು. ಚೆಂದದ ಊರು, ಕೊನೆಯ ರಾತ್ರಿಗೆ ಮಾತ್ರ ಬೇಡ.

ಗುರುವಾರದ ಮುನ್ಸೂಚನೆಯಲ್ಲಿ ಮರುದಿನಕ್ಕೆ ಬೋಫರ್ಟ್ 6 ಕಂಡರೆ ದಾರಿಯನ್ನೇ ಬದಲಿಸುತ್ತೇವೆ. ಸ್ಟಾವೊರನ್‌ನ ಲಾಕ್ (ನೀರಿನ ಮಟ್ಟ ಹೊಂದಿಸಿ ದೋಣಿ ದಾಟಿಸುವ ಬಾಗಿಲುಗಳ ಕಟ್ಟೆ) ದಾಟಿ ಒಳನಾಡಿಗೆ ಹೋಗುವುದು: ಯೋಹಾನ್ ಫ್ರೀಸೊ ಕಾಲುವೆ, ಫ್ಲೂಸನ್ ಮತ್ತು ಹೇಖ್ ಊರಿನ ಸರೋವರ, ಬಳಿಕ ಪ್ರಿನ್ಸೆಸ್ ಮಾರ್ಗ್ರೀಟ್ ಕಾಲುವೆ ಹಿಡಿದು ಲೆಮ್ಮರ್. ಮಾಸ್ಟ್ (ಹಾಯಿಕಂಬ) ಇಳಿಸಬೇಕಾಗಿಲ್ಲ, ಅಲೆ ಇಲ್ಲ. ಸೇತುವೆ ಕಾಯುವುದೂ ಸೇರಿ ಐದು ಗಂಟೆಗೆ ಕಡಿಮೆ ಎಣಿಸಬಾರದು. ಸೇತುವೆಯ ದೀಪ ಓದಲು ಆರೂ ಜನರಿಗೆ ಬರಬೇಕು. ಒಂಟಿ ಕೆಂಪು: ನಿಲ್ಲಿ. ಕೆಂಪು ಹಸಿರು ಒಟ್ಟಿಗೆ: ಈಗ ತೆರೆಯುತ್ತಾರೆ, ಸಿದ್ಧರಾಗಿ. ಹಸಿರು: ಹೋಗಿ. ಒಂದರ ಮೇಲೊಂದು ಎರಡು ಕೆಂಪು ಕಂಡರೆ ಸೇತುವೆ ಕೆಲಸದಲ್ಲೇ ಇಲ್ಲ, ಸುತ್ತು ಹೊಡೆಯುತ್ತ ಕಾಯದೆ ದಡಕ್ಕೆ ಕಟ್ಟಿ. ಒಳನಾಡಿನ ನೀರು ಬೇಸಿಗೆಯಲ್ಲಿ ಐಸೆಲ್‌ಮೇರ್‌ಗಿಂತ ಬರೀ 30 ಸೆಂಟಿಮೀಟರ್ ಆಸುಪಾಸು ತಗ್ಗು. ಹಾಗಾಗಿ ಲಾಕಿನಲ್ಲಿ ಏರಿಳಿತ ಗೊತ್ತೇ ಆಗುವುದಿಲ್ಲ. ಆದರೂ ಹಗ್ಗವನ್ನು ಕಟ್ಟಿಹಾಕದೆ ಕೈಯಲ್ಲೇ ಹಿಡಿದಿರಬೇಕು.

ಹವಾಮಾನ ನೆಟ್ಟಗಿದ್ದರೆ ಉರ್ಕ್. 1939ರವರೆಗೆ ದ್ವೀಪವಾಗಿದ್ದ ಮೀನುಗಾರರ ಊರು, ಈಗ ನೂರ್ಡ್‌ಓಸ್ಟ್‌ಪೋಲ್ಡರ್‌ನ ಒಂದು ಅಂಚು (ಪೋಲ್ಡರ್ ಎಂದರೆ ಕಟ್ಟೆ ಹಾಕಿ ನೀರು ಹೊರಹಾಕಿ ಪಡೆದ ನೆಲ). ಭಾನುವಾರ ಇಡೀ ಊರು ಚರ್ಚಿಗೆ ಹೋಗುತ್ತದೆ, ಅಂಗಡಿ ಬಾಗಿಲು ಹಾಕಿರುತ್ತದೆ. ವಾರದ ಸುತ್ತನ್ನು ತಿರುಗಿಸಿ ಹಾಕಿಕೊಳ್ಳುವವರು ಇದನ್ನು ನೆನಪಿಡಲಿ.

ಬೆಳಗ್ಗೆ 7ಕ್ಕೆ ಮೊದಲು ನೋಡುವುದು ಡಚ್ ಹವಾಮಾನ ಸಂಸ್ಥೆ ಕೆಎನ್‌ಎಂಐ ಮುನ್ಸೂಚನೆ, ಆಮೇಲೆ ಬೌಯನ್‌ರಾಡಾರ್ ಎಂಬ ಆ್ಯಪ್‌ನಲ್ಲಿ ಮಳೆಮೋಡ. ಸರಾಸರಿ ಗಾಳಿಯ ಅಂಕಿ ನೋಡಿ ಸಮಾಧಾನಪಟ್ಟುಕೊಳ್ಳಬೇಡಿ. ಹಾಯಿ ಹರಿಯುವುದು ತಟ್ಟನೆ ಏರುವ ಬೀಸಿನ ಹೊಡೆತಕ್ಕೆ; ಬೀಸಿನ ಅಂಕಿ 22 ನಾಟ್ ಮುಟ್ಟಿದರೆ ಧಕ್ಕೆ ಬಿಡುವ ಮುಂಚೆಯೇ ದೊಡ್ಡ ಹಾಯಿಗೆ ಒಂದು ಮಡಿಕೆ ಹಾಕಿ ಚಿಕ್ಕದು ಮಾಡುತ್ತೇವೆ. ದಾರಿಯುದ್ದಕ್ಕೂ ವಿಎಚ್‌ಎಫ್ ರೇಡಿಯೋ 1ನೇ ಚಾನೆಲ್‌ನಲ್ಲಿರುತ್ತದೆ. ಐಸೆಲ್‌ಮೇರ್‌ನ ಎಚ್ಚರಿಕೆಗಳು ಅಲ್ಲಿ ಬರುತ್ತವೆ. ಅದರಲ್ಲಿ ಮಾತಾಡಲು ಪ್ರಮಾಣಪತ್ರ ಬೇಕು, ಆರರಲ್ಲಿ ಒಬ್ಬರಾದರೂ ಮಾಡಿಸಿಕೊಂಡಿರಬೇಕು.

ಇಂಜಿನ್‌ಗೆ ಹತ್ತು ನಿಮಿಷ. ಆಯಿಲ್ ಕಡ್ಡಿ, ಕೂಲೆಂಟ್, ಬೆಲ್ಟ್ ನೋಡಿದ ಮೇಲೆ ಹೊರನೀರು ಸೋಸುವ ಬುಟ್ಟಿ. ತಳದ ಕವಾಟ ಮುಚ್ಚಿ, ಮುಚ್ಚಳ ತಿರುಗಿಸಿ ತೆಗೆದು, ಜೊಂಡು ಪಾಚಿ ತೆಗೆದು, ಮತ್ತೆ ಹಾಕಿ, ಕವಾಟ ತೆರೆಯಬೇಕು. ಕೊನೆಯ ದಿನದ ಗಡಿಬಿಡಿಯಲ್ಲಿ ಬಿಟ್ಟುಹೋಗುವುದು ಈ ಕೊನೆಯ ಹೆಜ್ಜೆಯೇ. ಕವಾಟ ಮುಚ್ಚಿದ್ದಂತೆ ಇಂಜಿನ್ ಹೊತ್ತಿಸಿದರೆ ನೀರೆತ್ತುವ ರಬ್ಬರ್ ಚಕ್ರ ಕೆಲವೇ ನಿಮಿಷಗಳಲ್ಲಿ ಒಣಗಿ ಸುಟ್ಟು ಚೂರಾಗುತ್ತದೆ. ಅದಕ್ಕೇ ಇಂಜಿನ್ ಕೀಲಿಯನ್ನು ಕವಾಟದ ಹಿಡಿಗೆ ನೇತುಹಾಕುತ್ತೇವೆ. ಕವಾಟ ತೆರೆದವರೇ ಕೀಲಿ ತಂದುಕೊಡಬೇಕು. ಹೊತ್ತಿಸಿದ ಕೂಡಲೇ ಒಬ್ಬರು ಹಿಂದೆ ಬಾಗಿ ಹೊಗೆಕೊಳವೆ ನೀರು ಉಗುಳುತ್ತಿದೆಯೇ ನೋಡುತ್ತಾರೆ.

ತಿಂಡಿ ಉಪ್ಪಿಟ್ಟು. ವಾರದ ಕೊನೆಗೆ ಉಳಿಯುವುದು ರವೆ, ಈರುಳ್ಳಿ, ಅರ್ಧ ಕ್ಯಾರೆಟ್, ಕಾಲು ಪಾಕೆಟ್ ಬಟಾಣಿ. ಆರು ಜನಕ್ಕೆ ಅರ್ಧ ಕೆಜಿ ರವೆಗೆ ಒಂದೂವರೆ ಲೀಟರ್ ನೀರು ಹಿಡಿಯುತ್ತದೆ. ಎರಡು ಒಲೆಯ ಗ್ಯಾಸಿನಲ್ಲಿ ಒಂದರ ಮೇಲೆ ನೀರು ಕುದಿಯುತ್ತಿದ್ದಂತೆ ಇನ್ನೊಂದರಲ್ಲಿ ಒಗ್ಗರಣೆ. ರವೆಯನ್ನು ಮನೆಯಿಂದಲೇ ಹುರಿದು ತಂದಿರಬೇಕು, ದೋಣಿಯ ಒಳಗೆ ಹುರಿದರೆ ಹೊಗೆಯ ಅಲಾರಂ ಕೂಗುತ್ತದೆ. ದಡದಲ್ಲಿ ಕಟ್ಟಿರುವಾಗಲೇ ಅಡುಗೆ ಮುಗಿದು, ಪಾತ್ರೆ ತೊಳೆದು, ಸಿಲಿಂಡರಿನ ಕವಾಟ ಮುಚ್ಚಿ, ಕೊಳವೆಯಲ್ಲಿ ಉಳಿದ ಗ್ಯಾಸನ್ನು ಉರಿಸಿ ಮುಗಿಸುತ್ತೇವೆ. ಆಮೇಲೆ ಒಲೆ ಹಚ್ಚುವುದಿಲ್ಲ. ಮಧ್ಯಾಹ್ನಕ್ಕೆ ಫ್ಲಾಸ್ಕಿನಲ್ಲಿ ಚಹಾ, ಬ್ರೆಡ್ಡಿಗೆ ಗೌಡಾ ಚೀಸ್, ಮೇಲೆ ಚಟ್ನಿಪುಡಿ.

ಚೀಲ ಕಟ್ಟುವುದು ಈಗ ಬೇಡ. ಹೊರಡುವ ಮೊದಲೇ ಎಲ್ಲವನ್ನೂ ಕಟ್ಟಿ ಸಾಲಾಗಿಟ್ಟರೆ ಒಳ್ಳೆಯದು ಅನ್ನಿಸುತ್ತದೆ. ಆದರೆ ದೋಣಿ ಓಲಾಡಿದಾಗ ಆರು ಚೀಲ ನೆಲಕ್ಕುರುಳಿ, ಇಂಜಿನ್ ಮುಚ್ಚಳ, ತಳದ ಕವಾಟ, ಲೈಫ್‌ಜಾಕೆಟ್ ಪೆಟ್ಟಿಗೆ ಎಲ್ಲದರ ಮೇಲೂ ಬಿದ್ದಿರುತ್ತವೆ. ಹಾಸಿಗೆ ಬಟ್ಟೆ ಮಾತ್ರ ಸುತ್ತಿ ಮುಂದಿನ ಕೋಣೆಗೆ ತುರುಕಿ ಬಾಗಿಲು ಹಾಕುವುದು ಸಾಕು.

ಉರ್ಕ್ ಬಿಟ್ಟರೆ ಬಲಗಡೆ ಪೋಲ್ಡರಿನ ಕಟ್ಟೆ, ಅದರುದ್ದಕ್ಕೂ ಗಾಳಿಯಂತ್ರಗಳ ಸಾಲು, ಕೆಲವು ನೀರಿನಲ್ಲೇ ನಿಂತವು. ಸಾಲಿನ ಹೊರಗಿನಿಂದಲೇ, ಕಟ್ಟೆಯಿಂದ ಚೆನ್ನಾಗಿ ದೂರ ಇಟ್ಟುಕೊಂಡು ಹೋಗುತ್ತೇವೆ. ನೈಋತ್ಯ ಅಂದರೆ ನಮ್ಮೂರಿನಲ್ಲಿ ಮುಂಗಾರು. ಇಲ್ಲಿ ವರ್ಷದ ಹೆಚ್ಚು ದಿನ ಬೀಸುವ ಗಾಳಿಯೇ ಅದು. ಆ ಗಾಳಿ ದೋಣಿಯನ್ನು ಕಟ್ಟೆಯ ಕಲ್ಲುಗಳ ಕಡೆಗೇ ತಳ್ಳುತ್ತದೆ. ಇಂಜಿನ್ ಕೈಕೊಟ್ಟರೂ ಲಂಗರು ಬಿಟ್ಟು ನಿಲ್ಲಲು ಸಮಯ ಸಿಗುವಷ್ಟು ದೂರ ಬೇಕು. ಲಂಗರಿನ ಪೆಟ್ಟಿಗೆ ಬೀಗ ಬಿಚ್ಚಿಯೇ ಇರುತ್ತದೆ.

ಮೊದಲ ಆರು ಮೈಲು ಉತ್ತರಕ್ಕೆ. ನೈಋತ್ಯ ಗಾಳಿ ಎಡ ಹಿಂಭಾಗದಿಂದ ಬರುವುದರಿಂದ ಸುಖದ ಓಟ. ತೊಂದರೆ ಇರುವುದು ರೋಟರ್‌ಡಾಮ್ಸೆ ಹೂಕ್ ಎಂಬ ಕಟ್ಟೆಯ ಮೂಲೆಯಲ್ಲಿ. ಅಲ್ಲಿ ಈಶಾನ್ಯಕ್ಕೆ ತಿರುಗಿದ ಕೂಡಲೇ ಗಾಳಿ ನೇರ ಬೆನ್ನಿಗೆ ಬರುತ್ತದೆ. ಚುಕ್ಕಾಣಿ ಹತ್ತು ಡಿಗ್ರಿ ತಪ್ಪಿದರೂ ಬೂಮ್, ಎಂದರೆ ದೊಡ್ಡ ಹಾಯಿಯ ಅಡಿಯ ಅಡ್ಡದಂಡ, ಒಂದು ಬದಿಯಿಂದ ಇನ್ನೊಂದಕ್ಕೆ ಬೀಸಿ ಬರುತ್ತದೆ. ಡಚ್ಚರು ಇದನ್ನು ಖೈಪ್ ಎನ್ನುತ್ತಾರೆ. ತಲೆ ಸಿಕ್ಕರೆ ತಲೆ ಒಡೆಯುತ್ತದೆ, ಸಿಗದಿದ್ದರೆ ಬೂಮನ್ನು ಮಾಸ್ಟಿಗೆ ಸೇರಿಸುವ ಜೋಡಣೆ ಮುರಿಯುತ್ತದೆ. ಮೂಲೆಗಿಂತ ಅರ್ಧ ಮೈಲು ಹೊರಗೆ ಹೋಗಿ, ದೊಡ್ಡ ಹಾಯಿಯ ಹಗ್ಗವನ್ನು ಪೂರ್ತಿ ಎಳೆದು ಬೂಮನ್ನು ನಡುವಿಗೆ ತಂದು, ಚುಕ್ಕಾಣಿ ತಿರುಗಿಸಿ, ಹಾಯಿ ಆಚೆ ಬದಿಗೆ ಹೋದ ಮೇಲೆ ಹಗ್ಗವನ್ನು ನಿಧಾನ ಬಿಡುತ್ತೇವೆ. ಬಳಿಕ ಬೂಮಿನ ತುದಿಯಿಂದ ಮುಂಭಾಗದ ಕ್ಲೀಟಿಗೆ (ಡೆಕ್ಕಿನ ಮೇಲೆ ಹಗ್ಗ ಸುತ್ತಿ ಕಟ್ಟುವ ಹಿಡಿ) ಒಂದು ತಡೆಹಗ್ಗ.

ನನ್ನನ್ನು ಕೇಳಿದರೆ, ಬೋಫರ್ಟ್ 5ರಲ್ಲಿ ಕೊನೆಯ ದಿನ ದೊಡ್ಡ ಹಾಯಿ ಏರಿಸುವ ಅಗತ್ಯವೇ ಇಲ್ಲ. ಸುರುಳಿ ಸುತ್ತಿಕೊಳ್ಳುವ ಮುಂದಿನ ಹಾಯಿ ಜಿಬ್ ಒಂದನ್ನೇ ಬಿಚ್ಚಿದರೆ ಬೆನ್ನುಗಾಳಿಯಲ್ಲಿ 4ರಿಂದ 5 ನಾಟ್ ಸಿಗುತ್ತದೆ. ಬೀಸಿ ಬರಲು ಬೂಮ್ ಇಲ್ಲ, ಬಂದರಿನ ಬಾಯಲ್ಲಿ ಇಳಿಸುವ ಹಾಯಿ ಇಲ್ಲ, ಒಂದು ಹಗ್ಗ ಎಳೆದರೆ ಸುತ್ತಿಕೊಳ್ಳುತ್ತದೆ. ಆರು ರಾತ್ರಿ ಇಕ್ಕಟ್ಟಿನಲ್ಲಿ ಮಲಗಿ ಎದ್ದವರ ಕೈಕಾಲಿಗೆ ಇಷ್ಟು ಕೆಲಸ ಸಾಕು. ಈಶಾನ್ಯ ಗಾಳಿಯಾದರೆ ಅಡ್ಡಡ್ಡ ಹಾಯ್ದು ಹೋಗುವ ಹಟವನ್ನೂ ಬಿಡುತ್ತೇವೆ. 12 ಮೈಲು 18 ದಾಟುತ್ತದೆ, 2 ಗಂಟೆಯ ಗಡುವು ಜಾರುತ್ತದೆ.

ಲೆಮ್ಮರ್ ಹತ್ತಿರವಾದಂತೆ ಸರಕು ಹಡಗುಗಳು ಹೆಚ್ಚುತ್ತವೆ. ಆಮ್‌ಸ್ಟರ್‌ಡಾಮ್‌ನಿಂದ ಬಂದವು ಇಲ್ಲಿಂದಲೇ ಉತ್ತರದ ಕಾಲುವೆ ಹಿಡಿಯುತ್ತವೆ. 20 ಮೀಟರಿಗಿಂತ ಚಿಕ್ಕ ದೋಣಿ ದೊಡ್ಡದಕ್ಕೆ ದಾರಿ ಬಿಡಬೇಕು, ಹಾಯಿ ಬಿಚ್ಚಿದ್ದರೂ ಅಷ್ಟೆ. ಹಾಯಿಗೆ ಮೊದಲ ಹಕ್ಕು ಎಂದು ಸಮುದ್ರದಲ್ಲಿ ಕಲಿತವರು ಇಲ್ಲಿ ಎಡವುತ್ತಾರೆ. ಗುರುತಿಗೆ ಊರಿನ ಪಶ್ಚಿಮಕ್ಕೆ ವೌಡಾ ಪಂಪ್‌ಹೌಸಿನ ಎತ್ತರದ ಹೊಗೆಗೊಳವೆ ಕಾಣುತ್ತದೆ. 1920ರ ಆವಿಯಂತ್ರ, 1998ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ, ಫ್ರೀಸ್‌ಲ್ಯಾಂಡ್‌ನಲ್ಲಿ ನೀರು ವಿಪರೀತ ಏರಿದಾಗ ಈಗಲೂ ಅದನ್ನು ಹೊತ್ತಿಸುತ್ತಾರೆ.

ಬಂದರಿನ ಬಾಯಿಗೆ ಒಂದು ಮೈಲು ಇರುವಾಗ ಹಾಯಿ ಕೆಳಗೆ. ಇಂಜಿನ್ ಗೇರಿಗೆ ಹಾಕುವ ಮೊದಲು ಒಬ್ಬರು ಸುತ್ತ ನಡೆದು ಎಲ್ಲ ಹಗ್ಗದ ತುದಿ ನೋಡಿ, ‘ನೀರಲ್ಲಿ ಹಗ್ಗ ಇಲ್ಲ’ ಎಂದು ಕೂಗಬೇಕು. ಜಿಬ್ಬಿನ ಹಗ್ಗ ಪ್ರೊಪೆಲರಿಗೆ ಸುತ್ತಿಕೊಂಡರೆ ಅಂದಿನ ಕಥೆ ಅಲ್ಲಿಗೆ ಮುಗಿಯಿತು. ಹಾಯಿ ಇನ್ನೂ ಮೇಲಿದ್ದು ಇಂಜಿನ್ ತಳ್ಳುತ್ತಿದ್ದರೆ ಕಪ್ಪು ಶಂಕುವನ್ನು ತುದಿ ಕೆಳಗೆ ಮಾಡಿ ಮುಂದೆ ತೂಗುಹಾಕಬೇಕು, ಇಲ್ಲದಿದ್ದರೆ ದಂಡ. ಇಂಜಿನ್ ಸದ್ದು ಎಂದಿನಂತಿದ್ದು ವೇಗ ಮಾತ್ರ ಬಿದ್ದು ದೋಣಿ ನಡುಗಿದರೆ ಜೊಂಡು ಸುತ್ತಿದೆ ಎಂದರ್ಥ. ನ್ಯೂಟ್ರಲ್, ಆಮೇಲೆ ಐದು ಸೆಕೆಂಡ್ ಜೋರಾಗಿ ರಿವರ್ಸ್, ಮತ್ತೆ ನ್ಯೂಟ್ರಲ್, ಸಾಮಾನ್ಯವಾಗಿ ಬಿಚ್ಚಿಕೊಳ್ಳುತ್ತದೆ.

ಡೀಸೆಲ್ ಧಕ್ಕೆಗೆ ಸಾಧ್ಯವಾದರೆ ಎಡಮೈ ತಾಗಿಸಿ ಬನ್ನಿ. ಬಲಕ್ಕೆ ತಿರುಗುವ ಪ್ರೊಪೆಲರ್ ರಿವರ್ಸಿನಲ್ಲಿ ದೋಣಿಯ ಹಿಂಭಾಗವನ್ನು ಎಡಕ್ಕೆ ಎಳೆಯುತ್ತದೆ, ಬ್ರೇಕ್ ಹಾಕಿದ ಕೂಡಲೇ ತಾನಾಗಿ ಧಕ್ಕೆಗೆ ಒರಗುತ್ತದೆ. ಎಡಕ್ಕೆ ನಾಲ್ಕು ಫೆಂಡರ್ (ಮೈ ತರಚದಂತೆ ಬದಿಗೆ ತೂಗುಹಾಕುವ ಗಾಳಿ ತುಂಬಿದ ದಿಂಬು), ಕಟ್ಟುವಾಗ ಮೊದಲು ನಡುವಿನ ಹಗ್ಗ. ಡೆಕ್ಕಿನ ಮೇಲೆ ಒಂದೇ ಥರ ಕಾಣುವ ಮೂರು ಮುಚ್ಚಳಗಳಿರುತ್ತವೆ: ಡೀಸೆಲ್, ಕುಡಿಯುವ ನೀರು, ಶೌಚ. ಮುಚ್ಚಳ ತೆರೆದವರು ಅದರ ಮೇಲಿನ ಅಕ್ಷರವನ್ನು ಜೋರಾಗಿ ಓದಬೇಕು, ಪೈಪ್ ಹಿಡಿದವರು ಮತ್ತೊಮ್ಮೆ ಓದಬೇಕು. ನೀರಿನ ಟ್ಯಾಂಕಿಗೆ ಡೀಸೆಲ್ ಹೋದರೆ ಠೇವಣಿ ಪೂರ್ತಿ ಹೋಯಿತು ಎಂದೇ ತಿಳಿಯಿರಿ. ನಮ್ಮ ಅಳತೆಯ ಇಂಜಿನ್ ಗಂಟೆಗೆ ಸುಮಾರು 2 ಲೀಟರ್ ಕುಡಿಯುತ್ತದೆ. ವಾರಕ್ಕೆ 14 ಗಂಟೆ ಓಡಿದ್ದರೆ 28 ಲೀಟರ್ ಹಿಡಿಯಬೇಕು. 45 ಹಿಡಿದರೆ ಹಿಂದಿನವರು ತುಂಬಿಸದೆ ಬಿಟ್ಟಿದ್ದರು ಎಂದರ್ಥ. ಅದಕ್ಕೇ ಮೊದಲ ದಿನವೇ ಟ್ಯಾಂಕಿನ ಮುಳ್ಳಿನ ಫೋಟೊ ತೆಗೆದಿಡುವುದು. ಕೊನೆಯ ಐದು ಲೀಟರ್ ನಿಧಾನಕ್ಕೆ ಬಿಡಿ, ನೊರೆ ಉಕ್ಕಿ ಗಾಳಿಕಿಂಡಿಯಿಂದ ನೀರಿಗೆ ಚೆಲ್ಲುತ್ತದೆ. ಕಿಂಡಿಯ ಕೆಳಗೆ ಒಂದು ಹಳೇ ಬಟ್ಟೆ ಒತ್ತಿ ಹಿಡಿದಿರಬೇಕು.

ಗಾಳಿ ಧಕ್ಕೆಗೆ ಒತ್ತುತ್ತಿದ್ದರೆ ಅಲ್ಲಿಂದ ಬಿಡಿಸಿಕೊಳ್ಳುವುದೇ ಕಷ್ಟ. ಮುಂಭಾಗದ ಕ್ಲೀಟಿನಿಂದ ಹಿಂದಕ್ಕೆ ಧಕ್ಕೆಯ ಗೂಟಕ್ಕೆ ಒಂದು ಹಗ್ಗ ಉಳಿಸಿ, ಮೂತಿಗೆ ದಪ್ಪ ಫೆಂಡರ್ ಕೊಟ್ಟು, ಚುಕ್ಕಾಣಿಯನ್ನು ಧಕ್ಕೆಯ ಕಡೆ ತಿರುಗಿಸಿ ಮೆಲ್ಲಗೆ ಮುಂದಕ್ಕೆ ಹೋಗುವ ಗೇರ್. ಹಗ್ಗ ಬಿಗಿಯಾಗಿ ಹಿಂಭಾಗ ಹೊರಕ್ಕೆ ತೆರೆದುಕೊಳ್ಳುತ್ತದೆ. ಸಾಕಷ್ಟು ತೆರೆದ ಮೇಲೆ ರಿವರ್ಸ್ ಹಾಕಿ ಹಗ್ಗ ಸೆಳೆದುಕೊಳ್ಳುವುದು. ಕೈಯಿಂದ ತಳ್ಳಲು ಹೋಗಬೇಡಿ, ನಾಲ್ಕೈದು ಟನ್ ದೋಣಿಗೂ ಕಲ್ಲಿಗೂ ನಡುವೆ ಬೆರಳು ಸಿಗುತ್ತದೆ.

ಶೌಚದ ನೀರನ್ನು ಹೊರಗೆ ಬಿಡುವುದು ರಜೆಯ ದೋಣಿಗಳಿಗೆ 2009ರಿಂದ ನಿಷಿದ್ಧ, ಹಾಗಾಗಿ ಬಂದರಿನ ಹೀರುಪಂಪು. ಪೈಪಿನ ಬಾಯಿಯನ್ನು ಟ್ಯಾಂಕಿನ ಕಿಂಡಿಗೆ ಒತ್ತಿ ಹಿಡಿದು ಹೀರಿಸಿ, 15 ಲೀಟರ್ ಶುದ್ಧ ನೀರು ಬಿಟ್ಟು, ಮತ್ತೊಮ್ಮೆ ಹೀರಿಸಬೇಕು. ಎರಡನೇ ಸಲ ಮಾಡದಿದ್ದರೆ ತಳದಲ್ಲಿ ಕಾಗದದ ಗಸಿ ಉಳಿದು ಮುಂದಿನವರಿಗೆ ಕಟ್ಟಿಕೊಳ್ಳುತ್ತದೆ. ಪಂಪು ಬುಸುಗುಟ್ಟಿ ಏನೂ ಬರದಿದ್ದರೆ ಪೈಪಿನ ಬಾಯಲ್ಲಿ ಗಾಳಿ ಸೇರುತ್ತಿದೆ, ರಬ್ಬರ್ ಬಳೆ ಎಲ್ಲೋ ಬಿದ್ದಿದೆ. ಒದ್ದೆ ಬಟ್ಟೆ ಸುತ್ತಿ ಒತ್ತಿದರೆ ಕೆಲಸ ಆಗುತ್ತದೆ. ಇದಾದ ಮೇಲೆ ದೋಣಿಯ ಶೌಚಕ್ಕೆ ಬೀಗ, ಎಲ್ಲರೂ ಬಂದರಿನ ಕಟ್ಟಡಕ್ಕೇ ಹೋಗಬೇಕು.

ಇನ್ನು ‘ಪೆಟ್ಟಿಗೆ’, ಎಂದರೆ ದೋಣಿಯನ್ನು ಒಳಗೆ ತಂದು ಕಟ್ಟುವ ಜಾಗ. ಡಚ್ ಬಂದರುಗಳಲ್ಲಿ ದೋಣಿಗೆ ಸಿಗುವ ಜಾಗ ಮುಂದೆ ಧಕ್ಕೆ, ಹಿಂದೆ ನೀರಿನಲ್ಲಿ ನೆಟ್ಟ ಎರಡು ಮರದ ಕಂಬ. ದೋಣಿ 3.3 ಮೀಟರ್ ಅಗಲ, ಕಂಬಗಳ ನಡುವೆ ನಾಲ್ಕು ಚಿಲ್ಲರೆ. ಮೊದಲನೇ ಕೆಲಸ, ಡೀಸೆಲ್‌ಗೆಂದು ನೇತುಹಾಕಿದ ಫೆಂಡರುಗಳನ್ನೆಲ್ಲ ಮೇಲೆತ್ತುವುದು. ಫೆಂಡರ್ ಇದ್ದರೆ ಕ್ಷೇಮ ಎಂದು ಬಿಟ್ಟುಕೊಂಡು ಬಂದರೆ ಅದು ಕಂಬಕ್ಕೆ ಸಿಕ್ಕಿ ದೋಣಿ ಅಡ್ಡ ತಿರುಗುತ್ತದೆ, ರೇಲಿಂಗ್ ಕಂಬಿ ಬಾಗುತ್ತದೆ. ಹಿಂದಿನ ಎರಡು ಕ್ಲೀಟುಗಳಿಂದ ಉದ್ದ ಹಗ್ಗ, ರೇಲಿಂಗಿನ ಹೊರಗಿಂದ ತಂದು, ತುದಿಯಲ್ಲಿ ದೊಡ್ಡ ಕುಣಿಕೆ. ಗಾಳಿ ಬರುವ ಬದಿಯ ಕುಣಿಕೆ ಹಿಡಿದವರು ಮಾಸ್ಟಿನ ಪಕ್ಕ ನಿಲ್ಲುತ್ತಾರೆ, ಹಿಂದೆ ಅಲ್ಲ. ಕಂಬ ಅಲ್ಲಿ ದೋಣಿಗೆ ಅತಿ ಹತ್ತಿರ ಬರುತ್ತದೆ. ಕುಣಿಕೆ ಕಂಬಕ್ಕೆ ಬಿದ್ದ ಕೂಡಲೇ ಹಿಂದಿನವರು ಹಗ್ಗವನ್ನು ಕ್ಲೀಟಿಗೆ ಅರ್ಧ ಸುತ್ತು ಹಾಕಿ ಜಾರಲು ಬಿಡಬೇಕು. ಧಕ್ಕೆಗೆ ಒಂದು ಮೀಟರ್ ಇರುವಾಗ ಅದೇ ಹಗ್ಗ ಬಿಗಿದರೆ ಬ್ರೇಕ್, ಇಂಜಿನ್ ಬೇಕಾಗುವುದಿಲ್ಲ. ಬಳಿಕ ಗಾಳಿ ಬದಿಯ ಮುಂದಿನ ಹಗ್ಗ, ಕೊನೆಗೆ ಗಾಳಿ ಮರೆಯ ಎರಡೂ.

ಅಡ್ಡಗಾಳಿಯಿದ್ದರೆ ನಿಧಾನ ಹೋಗುವುದೇ ಅಪಾಯ. 1 ನಾಟ್‌ಗಿಂತ ಕಡಿಮೆಯಾದರೆ ಚುಕ್ಕಾಣಿ ಕೇಳುವುದಿಲ್ಲ, ಮೂತಿ ಗಾಳಿಗೆ ಕೊಚ್ಚಿಹೋಗುತ್ತದೆ. 2 ನಾಟ್ ಹಿಡಿದು, ಗಾಳಿ ಬದಿಯ ಕಂಬಕ್ಕೆ ಗುರಿಯಿಟ್ಟು ಒಳನುಗ್ಗಬೇಕು. ಕುಣಿಕೆ ತಪ್ಪಿದರೆ ಮುಂದುವರಿಯದೆ ಹಿಂದಕ್ಕೆ ಹೋಗಿ ಇನ್ನೊಂದು ಸುತ್ತು. ಪಕ್ಕದ ದೋಣಿಯವರು ಕಾಫಿ ಹಿಡಿದು ನೋಡುತ್ತಿರುತ್ತಾರೆ, ನೋಡಲಿ. ಹೆಚ್ಚಿನವರು ಹಗ್ಗ ಹಿಡಿಯಲು ಎದ್ದೂ ಬರುತ್ತಾರೆ.

ಕಟ್ಟಿದ ಮೇಲೆ ನಾಲ್ವರು ಚೀಲಗಳೊಂದಿಗೆ ದಡಕ್ಕೆ, ಇಬ್ಬರು ಒಳಗೆ. ಆರು ಜನ ಒಟ್ಟಿಗೆ ಗುಡಿಸಿದರೆ ಕಸ ಸುತ್ತುತ್ತದೆಯೇ ಹೊರತು ಹೋಗುವುದಿಲ್ಲ. ಹಾಸಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಫ್ರಿಜ್ ಆರಿಸಿ ಬಾಗಿಲು ಸ್ವಲ್ಪ ತೆರೆದಿಟ್ಟು, ನೆಲದ ಹಲಗೆ ಎತ್ತಿ ತಳದ ಗುಂಡಿ ಒರೆಸುತ್ತೇವೆ. ಗುಂಡಿಯಲ್ಲಿ ನೀರು ಕಂಡರೆ ಇಲ್ಲೊಂದು ಪೇಚು. ಸಮುದ್ರದ ದೋಣಿಯಾದರೆ ನಾಲಿಗೆಗೆ ಮುಟ್ಟಿಸಿ ಉಪ್ಪಾದರೆ ತಳ ಸೋರಿದೆ, ಸಪ್ಪೆಯಾದರೆ ಟ್ಯಾಂಕು ಸೋರಿದೆ ಎನ್ನಬಹುದು. ಐಸೆಲ್‌ಮೇರ್ ಸಿಹಿನೀರು, ಎರಡೂ ಸಪ್ಪೆಯೇ. ಪೂರ್ತಿ ಒರೆಸಿ, ನೀರಿನ ಪಂಪು ಆರಿಸಿ, ಅರ್ಧ ಗಂಟೆ ಬಿಟ್ಟು ನೋಡಬೇಕು. ಮತ್ತೆ ಬಂದರೆ ಅದು ಹೊರಗಿನ ನೀರಿರಬಹುದು, ಒಪ್ಪಿಸುವಾಗ ಹೇಳಲೇಬೇಕು. ಸಿಹಿನೀರಿನ ಲಾಭವೂ ಉಂಟು: ಹಗ್ಗ, ಅದನ್ನು ಎಳೆಯುವ ರಾಟೆಯಂಥ ವಿಂಚ್, ಲಂಗರಿನ ಸರಪಣಿಯ ಉಪ್ಪು ತೊಳೆಯುವ ಕೆಲಸವಿಲ್ಲ. ಕಟ್ಟೆ ದಾಟಿ ಉಪ್ಪುನೀರಿನ ವಾಡನ್ ಕಡಲಿಗೆ ಹೋಗಿಬಂದಿದ್ದರೆ ಮಾತ್ರ ಎಲ್ಲಕ್ಕೂ ಪೈಪ್ ಹಿಡಿಯಬೇಕು.

ಒಪ್ಪಿಸುವಾಗ ಬಾಡಿಗೆಯವರು ಪಟ್ಟಿ ಹಿಡಿದು ಎಣಿಸುತ್ತಾರೆ. ಕಾಣೆಯಾಗುವುದು ಹೆಚ್ಚಾಗಿ ವಿಂಚಿನ ಹಿಡಿ, ದೋಣಿಕೊಕ್ಕೆ, ಡೆಕ್ ಮುಚ್ಚಳದ ಕೀಲಿ. ಮೂರನ್ನೂ ಮೊದಲೇ ಮೇಜಿನ ಮೇಲೆ ಜೋಡಿಸಿಡುತ್ತೇವೆ. ತರಚು ಬಿದ್ದಿದ್ದರೆ ಅವರು ಕಾಣುವ ಮೊದಲು ನಾವೇ ತೋರಿಸುವುದು. ಕೀಲು ಮರಳಿಗೆ ತಾಗಿದ್ದರೆ, ಎಷ್ಟೇ ಮೆತ್ತಗೆ ತಾಗಿರಲಿ, ಎಲ್ಲಿ, ಎಷ್ಟು ವೇಗದಲ್ಲಿ ಎಂದು ಹೇಳುತ್ತೇವೆ. ಕೀಲಿನ ಬೋಲ್ಟುಗಳ ಸುತ್ತ ಬಿರುಕು ಬಿಟ್ಟಿದ್ದರೆ ಮುಂದಿನ ವಾರ ಅದರಲ್ಲಿ ಹೋಗುವವರು ಬೇರೆ ಯಾರೋ. ಮೊದಲ ದಿನದ ಫೋಟೊಗಳು ಕೈಯಲ್ಲಿದ್ದರೆ ಹಳೆಯ ತರಚಿನ ಬಗ್ಗೆ ವಾದವೇ ಬರುವುದಿಲ್ಲ.

ಖರ್ಚಿನ ಲೆಕ್ಕ ದಡದಲ್ಲೇ ಮುಗಿಸಿ; ಬಂದರು ಬಾಡಿಗೆ, ತಲೆಗಿಷ್ಟು ಪ್ರವಾಸಿ ತೆರಿಗೆ, ಡೀಸೆಲ್ ಚೀಟಿಗಳು ಒಂದೇ ಲಕೋಟೆಯಲ್ಲಿರಲಿ. ಖಾಲಿ ಕ್ಯಾನು, ಬಾಟಲಿ ಎಸೆಯಬೇಡಿ: ಕ್ಯಾನಿಗೂ ಚಿಕ್ಕ ಪ್ಲಾಸ್ಟಿಕ್ ಬಾಟಲಿಗೂ 15 ಸೆಂಟ್, ದೊಡ್ಡದಕ್ಕೆ 25 ಸೆಂಟ್, ಸೂಪರ್‌ಮಾರ್ಕೆಟ್ಟಿನ ಯಂತ್ರ ವಾಪಸ್ ಕೊಡುತ್ತದೆ. ಜಜ್ಜಿದ ಕ್ಯಾನನ್ನು ಯಂತ್ರ ಓದದೆ ಇರಬಹುದು, ಹಾಗಾಗಿ ವಾರವಿಡೀ ಜಜ್ಜದೆ ಇಟ್ಟಿರಬೇಕು. ಲೆಮ್ಮರ್‌ಗೆ ರೈಲಿಲ್ಲ. ಬಸ್ಸಿನಲ್ಲಿ ಹೀರೆನ್‌ವೇನ್, ಅಲ್ಲಿಂದ ರೈಲು. ಚೀಲದ ಜೊತೆ ಒದ್ದೆ ಬಟ್ಟೆಯೂ ಇರುವುದರಿಂದ ಬಸ್ಸಿನ ಹಿಂದಿನ ಸೀಟು ಹಿಡಿಯಿರಿ.